ಟ್ರೇಲರ್‌ಗೆ ಕಟ್ಟಿದ ಹರಕೆ ದೀಪ

ರಾಮಾಪುರ ದಾಟುತ್ತಿದ್ದಂತೆ ರಬ್ಬರ್ ಸುಟ್ಟ ವಾಸನೆ ಬಂತು. ಪಿಕಪ್ ಓಡಿಸುತ್ತಿದ್ದವಳು ನಾನು. ಗಕ್ಕನೆ ಪಕ್ಕಕ್ಕೆ ತಂದು ನಿಲ್ಲಿಸಿದೆ.

ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ನಮ್ಮೂರಿನವರಿಗೆ ದಾರಿಯಲ್ಲಿ ಅಡುಗೆ ಮಾಡಿ ಬಡಿಸುವುದು ನಮ್ಮ ಮನೆಯ ಸೇವೆ. ಹಿಂದೆ ಕಟ್ಟಿದ್ದ ಟ್ರೇಲರ್‌ನಲ್ಲಿ ಪಾತ್ರೆ, ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್. ಅವುಗಳ ನಡುವೆ ನನ್ನ ಅತ್ತೆ ಪುಟ್ಟಮಲ್ಲಮ್ಮ. ಮಂಡಿ ನೋವು, ಈ ಸಲ ನಡೆಯಲಾರರು. ಅದಕ್ಕೇ ಒಂದು ಹರಕೆ: ಯಳಂದೂರಿನ ಮನೆ ಬಾಗಿಲಿನಿಂದ ಬೆಟ್ಟದವರೆಗೆ ಮಾದಪ್ಪನ ದೀಪ ಆರಬಾರದು, ತಾವು ಅದರ ಪಕ್ಕದಲ್ಲೇ ಕೂತು ಬರಬೇಕು. ಎಣ್ಣೆ ದೀಪ ಗಾಳಿಗೆ ನಿಲ್ಲದೆಂದು ನನ್ನ ಗಂಡ ಮಲ್ಲಿಕಾರ್ಜುನಸ್ವಾಮಿ ಮಾದಪ್ಪನ ಫೋಟೋ ಇರುವ ಲೈಟ್ ಡಬ್ಬಿ ತಂದು, ಟ್ರೇಲರಿನ ಹಿಂದಿನ ಲೈಟಿನ ವೈರಿಗೇ ಸಿಕ್ಕಿಸಿದ್ದ.

ಹೊರಟಾಗಿನಿಂದ ಒಂದೇ ಗೋಳು. ಟ್ರೇಲರ್ ಲೈಟಿಗೆ ಪಿಕಪ್‌ನಿಂದ ಕರೆಂಟ್ ಕೊಡುವ ಪ್ಲಗ್ ಚುಚ್ಚಿದರೆ ಫ್ಯೂಸ್ ಹೋಗುತ್ತಿತ್ತು, ಕಿತ್ತರೆ ಪಿಕಪ್ ಸರಿಯಾಗಿರುತ್ತಿತ್ತು. ದೀಪ ಆರಿದಾಗೆಲ್ಲ ಅತ್ತೆ ಮಾದಪ್ಪನಿಗೆ ತಪ್ಪುಕಾಣಿಕೆ ಎತ್ತಿಡುತ್ತಿದ್ದರು. ಹನೂರಿನಲ್ಲಿ ಟೀಗೆ ನಿಂತಾಗ ಗಂಡ "ರೆಡಿ ಮಾಡ್ದೆ ಕಣೆ, ನಡಿ" ಎಂದಿದ್ದ. ನಂಬಿದೆ, ನನ್ನ ಹಣೆಬರಹ.

ಪ್ಲಗ್ ಕಿತ್ತು, ಫ್ಯೂಸ್ ಬಾಕ್ಸ್ ತೆಗೆದು ನೋಡಿದೆ. ಫ್ಯೂಸ್ ಇರಬೇಕಾದ ಜಾಗದಲ್ಲಿ ದಪ್ಪ ತಾಮ್ರದ ತಂತಿ! ಮೈಯೆಲ್ಲ ಉರಿದುಹೋಯಿತು.

"ಏನ್ರೀ ಇದು? ತಲೇಲಿ ಏನ್ ತುಂಬ್ಕಂಡಿದ್ದೀರಿ?"

"ಫ್ಯೂಸ್ ಪದೇ ಪದೇ ಓಗ್ತಿತ್ತು. ತಂತಿ ಆಕ್ದೆ, ದೀಪ ನಿಂತ್ಕತು. ಸುಮ್ನೆ ಕೂಗಾಡ್ಬ್ಯಾಡ."

ಎಲ್ಲಿ ಕೆಟ್ಟಿದೆ ನೋಡೋಣ ಎಂದು ಡಬ್ಬಿಯ ವೈರ್ ಹಿಡಿದುಕೊಂಡೇ ಹೋದೆ. ಸಿಲಿಂಡರಿನ ಅಡಿಗೆ ಸಿಕ್ಕಿ ಸಿಪ್ಪೆ ಸುಲಿದಿತ್ತು. ಗಾಡಿ ಕುಲುಕಿದಾಗೆಲ್ಲ ಟ್ರೇಲರಿನ ಕಬ್ಬಿಣಕ್ಕೆ ತಾಗುತ್ತಿತ್ತು.

"ಮುಟ್ಟಿ ನೋಡ್ರೀ, ಎಂಗ್ ಕಾದದೆ! ಇದಕ್ಕೇ ಫ್ಯೂಸ್ ಓಗ್ತಿದ್ದುದು. ನಿಮ್ಮವ್ವನ್ನ ಸುಟ್ಟಾಕಕ್ ಒಂಟಿದ್ರಾ?"

"ದೀಪ ಮತ್ತೆ ಆರೋಯ್ತಲ್ಲೇ! ಅವ್ವನ ಹರಕೆ ಕೆಡ್ತದೆ. ಮೊದ್ಲು ಪ್ಲಗ್ ಚುಚ್ಚು, ಮಾದಪ್ಪ ನೋಡ್ಕತಾನೆ."

ಪ್ಲಗ್ಗನ್ನು ಅವನ ಮುಖಕ್ಕೇ ಬೀಸಿ ಹೊಡೆಯೋಣ ಅನ್ನಿಸಿತು. ಆದರೆ ಹರಕೆ ಅತ್ತೆಯದು. ಅವರೂ ಚುಚ್ಚು ಅಂದುಬಿಟ್ಟರೆ ಏನು ಮಾಡಲಿ ಎಂದು ಅವರ ಮುಖ ನೋಡಿದೆ.

ಅತ್ತೆ ಬಗ್ಗಿ ವೈರ್ ಮುಟ್ಟಿದರು. ಚುರುಕ್ ಅಂದಿತೇನೋ, ಕೈ ಹಿಂದಕ್ಕೆ ಎಳೆದುಕೊಂಡರು. ಸಿಲಿಂಡರ್ ನೋಡಿದರು, ಮಗನನ್ನು ನೋಡಿದರು.

"ಕಿತ್ತಾಕು ಪವಿತ್ರ, ಆ ಡಬ್ಬೀನ. ಮಾದಪ್ಪ ಕತ್ಲೇಲೂ ನನ್ ಗುರ್ತ್ ಇಡೀತಾನೆ."

ವೈರ್ ಕತ್ತರಿಸಿ, ತುದಿಗೆ ಟೇಪ್ ಸುತ್ತಿ, ತಂತಿ ಕಿತ್ತು ಸರಿಯಾದ ಫ್ಯೂಸ್ ಹಾಕಿದೆ. ಪ್ಲಗ್ ಚುಚ್ಚಿದೆ. ಟ್ರೇಲರಿನ ಲೈಟ್ ಹತ್ತಿತು, ಫ್ಯೂಸ್ ಹೋಗಲಿಲ್ಲ. ಅತ್ತೆ ನನ್ನ ಭುಜ ಹಿಡಿದು ಇಳಿದು, ಕುಂಟುತ್ತಾ ಬಂದು ಮುಂದಿನ ಸೀಟಿನಲ್ಲಿ ಕೂತರು. ಮಗರಾಯ ಅವರ ಪಕ್ಕ ಹತ್ತಲು ಕಾಲೆತ್ತಿದ.

"ಎಲ್ಲಿಗ್ಲಾ ಅತ್ತೀಯೆ? ನನ್ನ ಕೂರ್ಸಿದ್ದೆಯಲ್ಲ, ಅದೇ ಜಾಗ್ದಲ್ಲಿ ಓಗಿ ಕೂತ್ಕ."

ಅವನು ಸಿಲಿಂಡರ್ ಕಡೆ ನೋಡಿದ. ಆಮೇಲೆ "ನಡ್ಕಂಡ್ ಬತ್ತೀನಿ ಬುಡವ್ವ" ಅಂದ.