ಹದಿನೇಳನೆಯ ಮಂಚ ಮತ್ತು ಸಿದ್ದಪ್ಪಾಜಿ

ಮೊದಲ ಭೇಟಿಯಲ್ಲೇ ಸಿದ್ದಪ್ಪಾಜಿಯವರು ನನ್ನ ಮಣಿಕಟ್ಟು ಹಿಡಿದು ಹೆಸರು ಕೇಳಿದರು. ಹೇಳಿ ಮುಗಿಸುವವರೆಗೂ ಬಿಡಲಿಲ್ಲ. ನನ್ನ ಹಳೆಯ ಶಿಷ್ಯ ಬೀರೇಶನನ್ನು ನೋಡಲು ಮಾನಸಿಕ ಆಸ್ಪತ್ರೆಗೆ ಹೋಗಿದ್ದೆ. ಇವರು ಅಲ್ಲಿಯ ನರ್ಸ್. "ಗೋಡೆ ಎದುರಿಗೆ ಬಂದ್ರೂ ಹೆಸರು ಕೇಳ್ತಾರೆ ಕಣ್ರೀ ಮೇಷ್ಟ್ರೇ," ಎಂದು ಜೊತೆಯ ನರ್ಸ್ ಪದ್ಮಾವತಿ ನಕ್ಕರು. ಸಿದ್ದಪ್ಪಾಜಿ ನಗಲಿಲ್ಲ. ಸದ್ದಿಲ್ಲದ ನಡಿಗೆ, ಎದುರಿನವರ ಮುಖವನ್ನು ಯಾವುದರೊಂದಿಗೋ ತಾಳೆ ನೋಡುವಂಥ ದೃಷ್ಟಿ.

ಅದರ ಹಿನ್ನೆಲೆಯನ್ನು ಬಹಳ ದಿನಗಳ ಮೇಲೆ ಅವರೇ ಹೇಳಿದರು. ಮೊದಲು ವಾರ್ಡ್ ಎಂದರೆ ನಲವತ್ತು ಮಂಚಗಳ ಒಂದೇ ಹಜಾರ. ನರ್ಸುಗಳಲ್ಲಿ ಒಬ್ಬರ ಕೆಲಸ ಬರೀ ಮಾತ್ರೆ, ಒಬ್ಬರದು ಬರೀ ಊಟ, ಇನ್ನೊಬ್ಬರದು ಸ್ನಾನ. ರೋಗಿ ಯಾರ ಪಾಲಿಗೂ ಇಡಿಯಾಗಿ ಬರುತ್ತಿರಲಿಲ್ಲ. ಹದಿನೇಳನೆಯ ಮಂಚದ ಬೀರೇಶ ಒಂದು ಬೆಳಿಗ್ಗೆ ಎದ್ದುಹೋಗಿ, ಬಳಕೆ ತಪ್ಪಿದ್ದ ಹಳೆಯ ಸ್ನಾನದ ಮನೆಯಲ್ಲಿ ಕುಳಿತುಬಿಟ್ಟ. ಮಂಚದಲ್ಲಿ ದಿಂಬು, ಮೇಲೆ ಕಂಬಳಿ. ಊಟದವರು ತಟ್ಟೆಯಿಟ್ಟು ರಿಜಿಸ್ಟರಿನಲ್ಲಿ ಗುರುತು ಹಾಕಿದರು. ಅದನ್ನು ನೋಡಿ ಸ್ನಾನದವರು ಹಾಕಿದರು. ಎರಡನ್ನೂ ನೋಡಿ ಮಾತ್ರೆಯ ಸಿದ್ದಪ್ಪಾಜಿ ಹಾಕಿದರು. ಎರಡು ದಿನ ಹದಿನೇಳನೆಯ ಮಂಚ ಉಂಡಿತು, ಮಿಂದಿತು, ಮಾತ್ರೆ ನುಂಗಿತು. ತಟ್ಟೆಗಳು ಖಾಲಿಯಾಗಿಯೇ ಮರಳಿದವು. ಉಂಡವರು ಯಾರೆಂದು ಇವತ್ತಿಗೂ ತಿಳಿಯದು.

ಮೂರನೆಯ ದಿನ ಅವನ ತಾಯಿ ಚಾಮುಂಡಮ್ಮ ಇಲವಾಲದಿಂದ ಬಂದು ಕಂಬಳಿ ಎತ್ತಿದರು.

ಹುಡುಕಿ ತಂದಾಗ ಬೀರೇಶನ ತುಟಿ ಒಡೆದಿತ್ತು. ಯಾರೋ ಸಮಜಾಯಿಷಿಗೆಂದು ರಿಜಿಸ್ಟರನ್ನು ತಾಯಿಯ ಮುಂದೆ ಬಿಡಿಸಿದರು. ಅವನೂ ಬಗ್ಗಿ ಓದಿದ.

"ಅಂಗಾರೆ ಉಂಡೋನು ಯಾರು ಸಾರ್? ಅವ್ನೇ ಇರ್ಲಿ ಬುಡಿ, ನಾನ್ಯಾಕೆ?"

ಅಂದಿನಿಂದ ಅನ್ನ ಬಿಟ್ಟ. ಮೂಗಿನ ನಳಿಗೆಯಲ್ಲೇ ಗಂಜಿ. ಸಿದ್ದಪ್ಪಾಜಿ ಹಿರಿಯ ವೈದ್ಯರ ಮುಂದೆ ಪಟ್ಟುಹಿಡಿದು, ಕೆಲಸ ಹಂಚುವುದನ್ನು ಬಿಡಿಸಿ ಜನರನ್ನು ಹಂಚಿಸಿದರು: ಒಬ್ಬ ನರ್ಸಿಗೆ ಆರು ಮಂದಿ, ಅವರ ಊಟ, ಸ್ನಾನ, ಮಾತ್ರೆ ಎಲ್ಲವೂ ಆ ನರ್ಸಿನದೇ ಹೊಣೆ. ಬೀರೇಶನನ್ನು ತಾವೇ ಕೇಳಿ ಪಡೆದರು. ಹನ್ನೊಂದು ದಿನ ಅವನ ಕೈ ಹಿಡಿದು ಹೆಸರು ಕೇಳಿದರು. ಹನ್ನೆರಡನೆಯ ದಿನ ಹೇಳಿದ, ಉಂಡ.

ಬೀರೇಶ ಈಗ ಇಲವಾಲದ ಮನೆಯಲ್ಲಿದ್ದಾನೆ. ನಿವೃತ್ತರಾದ ಸಿದ್ದಪ್ಪಾಜಿ ಪ್ರತಿ ಭಾನುವಾರ ಕೆಸರೆಯಿಂದ ಎರಡು ಬಸ್ಸು ಬದಲಿಸಿ ಅಲ್ಲಿಗೆ ಮಧ್ಯಾಹ್ನದ ಊಟಕ್ಕೆ ಹೋಗುತ್ತಾರೆ. ಮೊನ್ನೆ ನಾನೂ ಹೋಗಿದ್ದೆ. ಇದ್ದವರು ನಾಲ್ವರು, ಚಾಮುಂಡಮ್ಮ ಐದು ತಟ್ಟೆ ಇಟ್ಟರು. ಐದನೆಯದಕ್ಕೂ ಬೀರೇಶ ಶ್ರದ್ಧೆಯಿಂದ ಸಾರು ಬಡಿಸಿದ. ಬೇಡವೆನ್ನಬಾರದೇ ಎಂದು ನಾನು ಸಿದ್ದಪ್ಪಾಜಿಯವರ ಕಿವಿಯಲ್ಲಿ ಪಿಸುಗುಟ್ಟಿದೆ.

"ಆವತ್ತು ಉಂಡೋನು ಮಾತ್ರೆನೂ ನುಂಗ್ದ ಅಂತ ಬರೆದೋನು ನಾನೇ ಮೇಷ್ಟ್ರೇ. ಈಗ ಅವ್ನಿಲ್ಲ ಅಂತ ಎಂಗೆ ಹೇಳ್ಲಿ?"

ತಪ್ಪನ್ನು ಒಪ್ಪಿಕೊಳ್ಳುವವರು ಲೋಕದಲ್ಲಿ ಬೇಕಾದಷ್ಟು ಮಂದಿ. ಆದರೆ ತಮ್ಮ ತಪ್ಪು ಹುಟ್ಟಿಸಿದ್ದರ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತು, ವಾರವಾರವೂ ತುತ್ತು ನುಂಗುವವರು ಕೆಲವರೇ.