ಜೈಲರಮ್ಮನ ಅಪ್ಪಣೆ

ವಯಸ್ಸು ನಲವತ್ತರ ಹತ್ತಿರ ಬಂದರೂ ಅವಳನ್ನು ಎಲ್ಲರೂ ತಂಗಿ ಎಂದೇ ಕರೆಯುತ್ತಿದ್ದರು. ಅಕ್ಕ ಕರೆದಳು ಅಂತ ಪಕ್ಕದ ಮನೆಯವರು ಕರೆದರು, ಪಕ್ಕದ ಮನೆಯವರು ಕರೆದರು ಅಂತ ಇಡೀ ಬೀದಿ ಕರೆಯಿತು, ಕೊನೆಗೆ ಕೆಲಸದ ಜಾಗದಲ್ಲೂ ಅದೇ ಹೆಸರು ನಿಂತುಬಿಟ್ಟಿತು. ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳ ಕೆಲಸ. ಮೇಲಿನ ಕೋಣೆಗಳಲ್ಲಿ ಯಾರ್ಯಾರೋ ಮಲಗಿ ಎದ್ದುಹೋದ ಹಾಸುಗಳು ಕೊಳವೆಯಲ್ಲಿ ಜಾರಿಕೊಂಡು ಕೆಳಗೆ ಬೀಳುತ್ತಿದ್ದವು. ಒಗೆದು ಹಿಂಡಿ ಬಂದದ್ದನ್ನು ಅಂಚು ಹಿಡಿದು ಕೊಡವಿ, ಸುಕ್ಕು ಬಿಡಿಸಿ, ಬಿಸಿ ಉರುಳೆಗಳ ನಡುವೆ ತೂರಿಸುವುದು ಅವಳ ಪಾಲು. ಊರೂರು ಸುತ್ತುವವರ ಹಾಸು ಮಡಚಿ ಮಡಚಿ ಕೈ ಸವೆದಿತ್ತು. ಅವಳು ಮಾತ್ರ ತನ್ನ ಊರಿನ ಗಡಿ ದಾಟಿದವಳಲ್ಲ.

ಹಾಗಂತ ಯಾರಾದರೂ ಕೂಡಿಹಾಕಿದ್ದರೇ ಎಂದರೆ, ಅದೂ ಇಲ್ಲ. ಅಕ್ಕ ಅಂಥವಳೇ ಅಲ್ಲ. ತಾಯಿ ತೀರಿಹೋದಾಗ ತನಗೆ ಗೊತ್ತಾಗಿದ್ದ ಗಂಡನ್ನು ಬೇಡವೆಂದು, ಇಷ್ಟುದ್ದದ ತಂಗಿಯನ್ನು ಕಂಕುಳಿಗೆ ಎತ್ತಿಕೊಂಡವಳು. ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಗಟ್ಟಿಮುಟ್ಟು ಆಳು. ತಲೆನೋವೊಂದು ಬಿಟ್ಟರೆ ಕಾಯಿಲೆ ಕಸಾಲೆ ಕಂಡವಳಲ್ಲ. ಆ ತಲೆನೋವಿಗೂ ಹೊತ್ತುಗೊತ್ತು ಚೆನ್ನಾಗಿ ಗೊತ್ತಿತ್ತು. ತಂಗಿ ಗೆಳತಿಯರ ಜೊತೆ ಪ್ರವಾಸ ಹೋಗುತ್ತೇನೆ ಎಂದಾಗ ಬಂತು. ಹೋಟೆಲಿನ ಮಾಲಿ ಮದುವೆಯ ಮಾತೆತ್ತಿದಾಗ ಬಂದು, ಅವನು ಮಾತು ವಾಪಸು ತೆಗೆದುಕೊಳ್ಳುವವರೆಗೂ ಇತ್ತು. "ಹೋಗೋದಾದ್ರೆ ಹೋಗು, ನಾನೇನು ನಿನ್ನ ಕಾಲಿಗೆ ಹಗ್ಗ ಕಟ್ಟಿದೀನಾ?" ಎಂದು ಅಕ್ಕ ನಗುನಗುತ್ತಲೇ ಹೇಳುವಳು. ಆಮೇಲೆ ತಟ್ಟೆ ಮುಟ್ಟದೆ, ಹಣೆಗೆ ಬಟ್ಟೆ ಬಿಗಿದುಕೊಂಡು, ಗೋಡೆ ಕಡೆ ತಿರುಗಿ ಮಲಗುವಳು. ತಂಗಿ ಪಕ್ಕದಲ್ಲಿ ಕೂತು, "ಏಳು ಅಕ್ಕ, ನಾನೆಲ್ಲೂ ಹೋಗಲ್ಲ" ಎನ್ನುವಳು. ತಲೆನೋವು ಇಳಿಯುವುದು. ಇಂಥವಳ ಜೊತೆ ಜಗಳ ಆಡುವುದಾದರೂ ಹೇಗೆ? ಉಗುಳುವಂತಿಲ್ಲ, ನುಂಗುವಂತಿಲ್ಲ.

ಆ ವರ್ಷ ಪ್ರವಾಸಕ್ಕಿಂತ ದೊಡ್ಡ ಮಾತು ಬಂತು. ಹೋಟೆಲಿನವರು ಹಗಲಿಡೀ ರೈಲಿನಲ್ಲಿ ಕೂತರೆ ಸಿಗುವ ದೂರದ ಊರಲ್ಲಿ ಇನ್ನೊಂದು ಕಟ್ಟಡ ಎಬ್ಬಿಸುತ್ತಿದ್ದರು. "ಅಲ್ಲಿನ ಬಟ್ಟೆ ವಿಭಾಗ ಪೂರ್ತಿ ನೀನೇ ನೋಡ್ಕೋ" ಎಂದಳು ಮೇಲ್ವಿಚಾರಕಿ. "ಇರೋಕೆ ಕೋಣೆನೂ ಕೊಡ್ತಾರೆ. ಕಟ್ಟಡ ಮುಗಿಯೋದ್ರೊಳಗೆ ಹೂಂ ಅಥವಾ ಊಹೂಂ ಅಂತ ಹೇಳಿಬಿಡು."

"ಅಕ್ಕನ್ನ ಒಂದು ಮಾತು ಕೇಳಿ ಹೇಳ್ತೀನಿ" ಎಂದಳು ತಂಗಿ. ಹೋಗಬೇಕೆಂಬ ಆಸೆ ಎಷ್ಟಿತ್ತೆಂದರೆ ಆ ದಿನ ಉರುಳೆಗೆ ಹಾಸು ತೂರಿಸುವಾಗ ಬೆರಳು ಸುಟ್ಟುಕೊಂಡಳು. ಆದರೆ ಮನೆಗೆ ಹೋಗಿ ಬಾಯಿ ತೆರೆದರೆ ಅಕ್ಕನ ಹಣೆ ಕಣ್ಣಿಗೆ ಬೀಳುತ್ತಿತ್ತು, ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ತಂಗಿ ಜೈಲಿಗೆ ಸೇರಿದ್ದು ಅದೇ ದಿನಗಳಲ್ಲಿ. ಊಟದ ಬಿಡುವಿನಲ್ಲಿ, ಅದೇ ವಿಭಾಗದಲ್ಲಿ ಇಸ್ತ್ರಿ ಹಾಕುವ ಇಸ್ತ್ರಿಯಣ್ಣ ಮೂಲೆಯಲ್ಲಿ ಕೂತು ಫೋನಿನಲ್ಲಿ ಮುಳುಗಿರುತ್ತಿದ್ದ. ಇರುವೆಯನ್ನೂ ದಾಟಿಕೊಂಡು ನಡೆಯುವ ಮನುಷ್ಯ ಅವನು. "ಏನಣ್ಣ ಅದು?" ಎಂದರೆ, "ಈಗ ಮಾತಾಡಿಸ್ಬೇಡ ತಂಗಿ, ಜೈಲಲ್ಲಿದೀನಿ. ತಲೆ ಎಣಿಸ್ತಿದಾರೆ" ಎಂದ. ಎಣಿಕೆ ಮುಗಿದ ಮೇಲೆ ವಿವರಿಸಿದ. ಎಲ್ಲೆಲ್ಲೋ ಇರುವ ಜನ ಸೇರಿ ಬರವಣಿಗೆಯಲ್ಲೇ ಕಟ್ಟಿಕೊಂಡ ಒಂದು ಸುಳ್ಳು ಬಂದೀಖಾನೆ, ಹೆಸರು ಕರಿಕಲ್ಲು. ಅಲ್ಲಿ ಪ್ರತಿಯೊಬ್ಬರಿಗೂ ಒಂದು ವೇಷ. ಕೆಲವರು ಕೈದಿಗಳು, ಕೆಲವರು ಕಾವಲಿನವರು. ವೇಷದಲ್ಲೇ ಮಾತು, ವೇಷದಲ್ಲೇ ಜಗಳ. ಇಸ್ತ್ರಿಯಣ್ಣ ಅಲ್ಲಿ ಮೂರು ಕೊಲೆ ಮಾಡಿ ಕೂತಿದ್ದ. "ಬರ್ತೀಯಾ?" ಎಂದ, ಮದುವೆಗೆ ಕರೆದ ಹಾಗೆ.

ಸೇರುವಾಗ ನಿನ್ನ ಅಪರಾಧವೇನು ಎಂದು ಕೇಳಿದರು. ತಂಗಿ ಎಷ್ಟು ಯೋಚಿಸಿದರೂ ಕಳ್ಳತನ ಹೊಳೆಯಲಿಲ್ಲ, ಕೊಲೆ ಹೊಳೆಯಲಿಲ್ಲ. "ಮನೆ ಬಿಟ್ಟು ಹೋಗಿದ್ದು" ಎಂದು ಬರೆದಳು. ಇದಕ್ಕೆಲ್ಲ ಎಷ್ಟು ಶಿಕ್ಷೆ ಅಂತ ಹಾಕೋದು ಎಂದು ಯಾರೋ ನಕ್ಕರು. "ನಮ್ಮ ಮನೆಯಲ್ಲಿ ಜೀವಾವಧಿ" ಎಂದು ಬರೆದಳು. ಎಲ್ಲರಿಗೂ ಬಹಳ ಹಿಡಿಸಿತು, ತಕ್ಷಣ ಒಳಗೆ ಹಾಕಿದರು.

ಅಲ್ಲಿನ ಕಟ್ಟುಪಾಡು ಎರಡೇ. ಮಾತಿನ ಮುಂದೆ ಜೋಡಿ ಓರೆಗೆರೆ ಎಳೆದರೆ ಇದು ಆಟವಲ್ಲ, ವೇಷ ಕಳಚಿ ನಾನೇ ಮಾತಾಡುತ್ತಿದ್ದೇನೆ ಎಂದರ್ಥ. ಇನ್ನೊಂದು, ಬಿಟ್ಟುಹೋಗುವವರು ಸುಮ್ಮನೆ ಮಾಯವಾಗುವಂತಿಲ್ಲ. ಜೈಲರು ಬಿಡುಗಡೆಯ ಅಪ್ಪಣೆ ಬರೆಯಬೇಕು, ಹೆಬ್ಬಾಗಿಲು ತೆರೆಸಬೇಕು, ಎಲ್ಲರೂ ಅಂಗಳಕ್ಕೆ ಬಂದು ಕಳಿಸಿಕೊಡಬೇಕು. ಹಾಗಲ್ಲದೆ ಹೋದವರನ್ನು ಗೋಡೆ ಹಾರಿದವರು ಎನ್ನುತ್ತಿದ್ದರು, ಮತ್ತೆ ಅವರ ಹೆಸರೆತ್ತುತ್ತಿರಲಿಲ್ಲ. ಫೋನು ಮಗುಚಿಟ್ಟರೆ ಮುಗಿಯುವ ಜೈಲು! ಆದರೂ ಮಗುಚಿಡುವ ಧೈರ್ಯ ಯಾರಿಗೂ ಇರಲಿಲ್ಲ. ಮನುಷ್ಯ ಬೀಗಕ್ಕಿಂತ ಹೆಚ್ಚು ಹೆದರುವುದು, ನಾಲ್ಕು ಜನ ಬೇಜಾರು ಮಾಡಿಕೊಂಡಾರು ಎಂಬುದಕ್ಕೆ. ತಂಗಿಗಂತೂ ಈ ನಿಯಮ ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ.

ಅವಳ ಕೋಣೆಯ ಜೊತೆಗಾತಿಯ ಹೆಸರು ಚಮಚ. ಬಂದ ದಿನದಿಂದ ಅಡುಗೆಮನೆಯ ಚಮಚದಲ್ಲಿ ಗೋಡೆ ಕೆರೆಯುತ್ತಿದ್ದುದರಿಂದ ಆ ಹೆಸರು. ವೇಷದ ಹೊರಗೆ ಪಾತ್ರೆ ಅಂಗಡಿಯಲ್ಲಿ ಕೆಲಸ ಮಾಡುವ, ತಂಗಿಗಿಂತ ಹದಿನೈದು ವರ್ಷವಾದರೂ ಚಿಕ್ಕ ಹುಡುಗಿ. ಬಾಯಿ ಬಡುಕಿ, ನಗಿಸಿ ನಗಿಸಿ ಹೊಟ್ಟೆ ನೋಯಿಸುವವಳು. ಅಕ್ಕ ಧಾರಾವಾಹಿ ನೋಡುವ ಹೊತ್ತಿಗೆ ತಂಗಿ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿ, ಬಕೆಟ್ಟು ಬೋರಲು ಹಾಕಿಕೊಂಡು ಕೂತುಬಿಡುವಳು. ಇಬ್ಬರೂ ಸೇರಿ ಗೋಡೆ ಕೆರೆಯುವರು. ಚಮಚ ಅವಳನ್ನು ಅಕ್ಕ ಎನ್ನುತ್ತಿದ್ದಳು. ಹುಟ್ಟಿದಾಗಿನಿಂದ ಜಗತ್ತಿಗೆಲ್ಲ ತಂಗಿಯಾಗಿದ್ದವಳಿಗೆ ಆ ಒಂದು ಮಾತು ಕೇಳಲು ಸಾಯಂಕಾಲ ಬೇಗ ಆಗಲಿ ಎನಿಸುತ್ತಿತ್ತು.

ಹಳೆಯ ಜೈಲರಿಗೆ ಆಟ ಸಾಕಾಯಿತು. ದಿನ ತಪ್ಪದೆ ಬರುವವಳು, ಎಲ್ಲರ ಕತೆ ನೆನಪಿಟ್ಟುಕೊಂಡವಳು ಎಂದು ಕೀಲಿಗೊಂಚಲು ತಂಗಿಯ ಕೈಗೆ ಬಂತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಜೀವಾವಧಿ ಕೈದಿ ಜೈಲರಮ್ಮ ಆದಳು, ಆಗಿ ಚೆನ್ನಾಗಿಯೇ ನಡೆಸಿದಳು.

ಹೋಟೆಲಿನ ಹೊಸ ಕಟ್ಟಡ ಅರ್ಧ ಎದ್ದಿದ್ದಾಗ ಚಮಚ ಓರೆಗೆರೆ ಎಳೆದು ಬರೆದಳು: "ಅಕ್ಕ, ಇದು ನಾನೇ. ಬಂದರಲ್ಲಿ ಕ್ರೇನ್ ಓಡಿಸೋ ತರಬೇತಿಗೆ ಆಯ್ಕೆ ಆಗಿದೀನಿ! ಹಾಸ್ಟೆಲಲ್ಲಿ ಫೋನ್ ಇಟ್ಕೊಳ್ಳೋ ಹಾಗಿಲ್ಲವಂತೆ. ಹೋಗೋಕೆ ಮುಂಚೆ ನನ್ನ ಬಿಡುಗಡೆ ಬರೆದುಬಿಡ್ತೀರಾ?"

ತಂಗಿ ಓರೆಗೆರೆಯ ಮಾತಿಗೆ ಓರೆಗೆರೆಯಲ್ಲಿ ಉತ್ತರ ಕೊಡಲಿಲ್ಲ. ವೇಷದಲ್ಲೇ ನಿಂತು ಕೋಣೆಯ ತಪಾಸಣೆಗೆ ಆಜ್ಞೆ ಮಾಡಿದಳು. ಹಾಸಿಗೆ ಹಿಂದೆ ಗೋಡೆಯಲ್ಲಿ ಸುರಂಗ ಸಿಕ್ಕಿತು. ವಿಚಾರಣೆ ಶುರುವಾಯಿತು, ಸಾಕ್ಷಿಗಳು ಬಂದರು, ಸಾಕ್ಷಿಗಳೇ ಕಳ್ಳರೆಂದು ಗೊತ್ತಾಯಿತು. ಇಡೀ ಕರಿಕಲ್ಲು ತುದಿಗಾಲಲ್ಲಿ ನಿಂತಿತು. "ಏನ್ ಕತೆ ಕಟ್ತೀಯ ತಂಗಿ! ಆ ಹುಡುಗಿ ಎಲ್ಲೂ ಹೋಗೋ ಹಾಗಿಲ್ಲ ಬಿಡು" ಎಂದು ಇಸ್ತ್ರಿಯಣ್ಣ ಮೆಚ್ಚಿ ಹೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವಳು ಹಾಸಿನ ಮರೆಯಲ್ಲಿ ಮುಖ ಮುಚ್ಚಿಕೊಂಡಳು.

ವಿಚಾರಣೆ ಮುಗಿದು ಚಮಚಳಿಗೆ ಶಿಕ್ಷೆ ಹೆಚ್ಚಾದ ಮೇಲೆ ಆ ಹುಡುಗಿ ಮತ್ತೆ ಗೆರೆ ಎಳೆದಳು. "ಅಕ್ಕ, ಮೊದಲನೇ ತಂಡ ಹೊರಟುಹೋಯ್ತು. ವಿಚಾರಣೆ ಮಧ್ಯದಲ್ಲಿ ಎಲ್ಲರನ್ನೂ ಬಿಟ್ಟು ಹೇಗೆ ಹೋಗ್ಲಿ ಅಂತ ಉಳ್ಕೊಂಡೆ. ಎರಡನೇ ತಂಡ ಇದೆ. ಅದೇ ಕೊನೆ, ಆಮೇಲೆ ತಗೊಳ್ಳಲ್ಲ."

ಆಟಕ್ಕಾಗಿ ಅನ್ನದ ದಾರಿ ಬಿಟ್ಟಳಲ್ಲ ಎಂದು ಕೇಳುವವರು ನಗಬಹುದು. ತಂಗಿಗೆ ನಗು ಬರಲಿಲ್ಲ. ಮುಂದಿನ ವಾರ ಖಂಡಿತ ಬರೆಯುತ್ತೇನೆ ಎಂದುಕೊಂಡಳು. ಮುಂದಿನ ವಾರವೂ ಹಾಗೇ ಅಂದುಕೊಂಡಳು.

ಅಷ್ಟರಲ್ಲಿ ಅತ್ತ ಕಟ್ಟಡ ಮುಗಿಯಿತು. "ನಾಳೆ ಬೆಳಿಗ್ಗೆ ಹೇಳದಿದ್ರೆ ಬೇರೆಯವರನ್ನ ಕಳಿಸ್ತೀನಿ" ಎಂದಳು ಮೇಲ್ವಿಚಾರಕಿ. ತಂಗಿ ಮನೆಗೆ ಬಂದು, ಅಕ್ಕನ ಎದುರು ಎರಡು ಸಲ ನಿಂತು, ಎರಡು ಸಲವೂ ನೀರು ಬೇಕಾ ಎಂದು ಕೇಳಿ, ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಫೋನಿನಲ್ಲಿ ಚಮಚ ಕಾದಿದ್ದಳು.

"ಅಕ್ಕ, ನಾಳೆ ತಂಡ ಹೊರಡುತ್ತೆ. ಇವತ್ತು ಬರೀತೀರಾ?"

ಇಷ್ಟು ದಿನ ಆಟದ ಮರೆಯಲ್ಲಿ ಅಡಗಿದ್ದ ತಂಗಿ ಈ ಸಲ ತಾನೂ ಗೆರೆ ಎಳೆದಳು. "ಹೋಗೋದಾದ್ರೆ ಹೋಗು. ನಾನೇನು ನಿನ್ನ ಹಿಡ್ಕೊಂಡಿದೀನಾ? ನೀನಿಲ್ಲದೆ ಸಾಯಂಕಾಲ ಹೇಗೆ ಕಳೀತೀನೋ ಗೊತ್ತಿಲ್ಲ, ಅಷ್ಟೇ."

ಆ ಕಡೆಯಿಂದ ಉತ್ತರ ಬಂತು: "ಬೇಜಾರು ಮಾಡ್ಕೋಬೇಡಿ ಅಕ್ಕ. ನಾನೆಲ್ಲೂ ಹೋಗಲ್ಲ."

ತಂಗಿಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಬೇಕು, ಮೈಯೆಲ್ಲ ಹಗುರವಾಗುವಂಥ ಸಂತೋಷ, ಚಳಿಯಲ್ಲಿ ಯಾರೋ ಬಿಸಿ ಹಾಸು ಹೊದಿಸಿದ ಹಾಗೆ. ಸದ್ಯ, ಉಳಿದಳು! ಆ ಸಂತೋಷದಲ್ಲೇ ಇನ್ನೊಂದು ಸಲ ಓದಿದಳು. ಮೂರನೇ ಸಲ ಓದುವಾಗ ಬಕೆಟ್ಟಿನ ಮೇಲಿಂದ ಎದ್ದು ನಿಂತಳು. ತಾನು ಬರೆದದ್ದು, ಚಮಚ ಬರೆದದ್ದು, ಎರಡೂ ಮಾತು ತನ್ನ ಮನೆಯವೇ ಆಗಿದ್ದವು. ಒಂದು ಅಕ್ಕನದು, ಒಂದು ತನ್ನದು.

ಇಷ್ಟು ವರ್ಷ ತಾನು ಕಾದಿದ್ದು ಏತಕ್ಕೆ? ಒಂದು ದಿನ ಅಕ್ಕ ಮನಸಾರೆ ಹೋಗಿ ಬಾ ಎನ್ನುತ್ತಾಳೆ, ಆಮೇಲೆ ಹೊರಡೋಣ ಎಂದಲ್ಲವೇ? ಅಕ್ಕ ಎಂದಿಗೂ ಅನ್ನುವುದಿಲ್ಲ. ಕೆಟ್ಟವಳು ಎಂದಲ್ಲ. ಹೋಗಲ್ಲ ಎಂಬ ಮಾತು ಕೇಳುವಾಗ ಆಗುವ ಈ ಸುಖ ಇದೆಯಲ್ಲ, ಇದನ್ನು ಯಾರೂ ಕೈಯಾರೆ ಬಿಟ್ಟುಕೊಡುವುದಿಲ್ಲ. ತಾನು ಬಿಡುತ್ತೇನೆಯೇ ನೋಡೋಣ ಎಂದು ಅಪ್ಪಣೆ ಬರೆಯಲು ಕೂತಳು. "ಹೆಬ್ಬಾಗಿಲು ತೆರೆಯಿರಿ" ಎಂದು ಬರೆದಳು, ಅಳಿಸಿದಳು. ಮತ್ತೆ ಬರೆದಳು, ಚಮಚ ನಗಿಸಿದ್ದು ನೆನಪಾಯಿತು, ಮತ್ತೆ ಅಳಿಸಿದಳು. ಬೆರಳು ಕೇಳಲೇ ಇಲ್ಲ. ಆಗ ಅವಳಿಗೆ ತನ್ನ ಬಗ್ಗೆಯೇ ಭಯವಾಯಿತು.

ಗೆರೆ ಎಳೆದು ಬರೆದಳು: "ಚಮಚ, ನನ್ನ ಅಪ್ಪಣೆಗೆ ಕಾಯ್ಬೇಡ. ನಾನು ಕೊಡಲ್ಲ. ನನ್ನ ಕೈಯಲ್ಲಿ ಆಗಲ್ಲ. ನೀನು ಗೋಡೆ ಹಾರು."

"ಹೇಳದೆ ಕೇಳದೆ ಹೇಗೆ ಹೋಗ್ಲಿ ಅಕ್ಕ? ನಿಮಗೆ ಬೇಜಾರಾಗಲ್ವಾ?"

"ಆಗುತ್ತೆ" ಎಂದು ಬರೆದಳು ತಂಗಿ. "ತುಂಬಾ ಆಗುತ್ತೆ. ಆದ್ರೂ ಹೋಗು."

ಚಮಚಳ ಹೆಸರಿನ ಮುಂದೆ ಉರಿಯುತ್ತಿದ್ದ ಹಸಿರು ಚುಕ್ಕೆ ಇನ್ನೂ ಸ್ವಲ್ಪ ಹೊತ್ತು ಇತ್ತು. ಆಮೇಲೆ ಹೋಯಿತು, ಮತ್ತೆ ಬರಲಿಲ್ಲ. ತಂಗಿ ನಲ್ಲಿ ಬಿಟ್ಟುಕೊಂಡು, ಹೊರಗೆ ಕೇಳಿಸದ ಹಾಗೆ ಚೆನ್ನಾಗಿ ಅತ್ತಳು. ಮುಖ ತೊಳೆದು, ಮೇಲ್ವಿಚಾರಕಿಗೆ "ಬರ್ತೀನಿ" ಎಂದು ಕಳಿಸಿದಳು. ಧೈರ್ಯ ಆರಿಹೋಗುವ ಮೊದಲು ಚಿಲಕ ತೆಗೆದಳು.

ಅಕ್ಕ ದೀಪದ ಕೆಳಗೆ ಕೂತು ತಂಗಿಯ ಕೆಲಸದ ಅಂಗಿಗೆ ಗುಂಡಿ ಹಾಕುತ್ತಿದ್ದಳು.

"ಅಕ್ಕ, ದೂರದ ಊರಲ್ಲಿ ಕೆಲಸ ಆಗಿದೆ. ಬರ್ತೀನಿ ಅಂತ ಹೇಳಿಬಿಟ್ಟೆ. ಈ ಭಾನುವಾರ ಹೊರಡ್ತೀನಿ."

ಸೂಜಿ ನಿಂತಿತು. "ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸಲಿಲ್ವಾ?"

"ಕೇಳಿದ್ರೆ ಹೋಗೋಕಾಗ್ತಿರಲಿಲ್ಲ."

"ನಾನು ಯಾವತ್ತು ನಿನಗೆ ಬೇಡ ಅಂದಿದೀನಿ?"

"ಯಾವತ್ತೂ ಅಂದಿಲ್ಲ ಅಕ್ಕ. ಅಂದಿದ್ರೆ ಜಗಳ ಆಡಿ ಎಂದೋ ಹೋಗಿರ್ತಿದ್ದೆ."

ಈಗ ಹಣೆಗೆ ಬಟ್ಟೆ ಬರುತ್ತದೆ ಎಂದು ತಂಗಿ ಕಾದು ನಿಂತಳು. ಅದಕ್ಕೆ ಅವಳು ಗಟ್ಟಿಯಾಗಿ ಸಿದ್ಧಳಾಗಿದ್ದಳು. ಆದರೆ ಅಕ್ಕ ಬಟ್ಟೆ ಹುಡುಕಲಿಲ್ಲ, ಗೋಡೆ ಕಡೆ ತಿರುಗಲಿಲ್ಲ. ಅಂಗಿಯನ್ನು ಮಡಿಲಲ್ಲಿ ಮುದ್ದೆ ಮಾಡಿ ಹಿಡಿದು ತಂಗಿಯ ಮುಖವನ್ನೇ ನೋಡಿದಳು.

"ನನಗೆ ಭಯ ಆಗುತ್ತೆ" ಎಂದಳು. "ಒಬ್ಬಳೇ ಇರೋದು ಹೇಗೆ ಅಂತ ನನಗೆ ಗೊತ್ತಿಲ್ಲ."

ಇಷ್ಟು ವರ್ಷದಲ್ಲಿ ಅಕ್ಕ ಆಡಿದ ಮೊದಲ ನೇರ ಮಾತು ಅದು. ತಂಗಿ ಇದಕ್ಕೆ ಸಿದ್ಧಳಾಗಿರಲಿಲ್ಲ. ಹೋಗಿ ಅಕ್ಕನ ಪಕ್ಕ ಕೂತಳು. ನಾನೆಲ್ಲೂ ಹೋಗಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಬಾಯಿ ಬಿಟ್ಟರೆ ಅದೇ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಅಕ್ಕನ ಕೈಯನ್ನು ತನ್ನ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಹಲ್ಲು ಕಚ್ಚಿಕೊಂಡು, ಒಂದು ಮಾತೂ ಆಡದೆ ಕೂತಳು.