ರಂಗೋಲಿಯಾದ ಗಣಿಮಣ್ಣು

ಚೀನಾ ಯುದ್ಧ ಮುಗಿದ ಮರುವರ್ಷದ ಶ್ರಾವಣ. ಜಯನಗರದ ನಮ್ಮ ಮನೆಯಲ್ಲಿ ಶನಿವಾರ ಸಂಜೆ ಅತ್ತೆ ಸೀತಮ್ಮನವರ ಕಾವ್ಯವಾಚನ. ನಮ್ಮವರು, ಅನಂತರಾಮು, ಸರ್ಕಾರಿ ಕೆಮಿಸ್ಟು. ಕೋಲಾರದಲ್ಲಿ ಚಿನ್ನ ತೆಗೆದು ಬಿಸಾಕಿದ ಮಣ್ಣುಗುಡ್ಡದಲ್ಲಿ ಟಂಗ್‌ಸ್ಟನ್ ಇದೆ, ಗಟ್ಟಿ ಉಕ್ಕಿಗೆ ಅದು ಬೇಕೇ ಬೇಕು ಎಂದು ಅವರ ಹಟ. ಮೇಲಿನವರು ನಂಬಿರಲಿಲ್ಲ. ಮೂಟೆಗಟ್ಟಲೆ ಮಣ್ಣನ್ನು ಹಿತ್ತಲಲ್ಲಿ ತೊಳೆದೂ ತೊಳೆದೂ ಒಂದು ಬಾಟಲಿಯಷ್ಟು ಅದರ ಅದಿರಿನ ಬಿಳಿ ಪುಡಿ ಕೂಡಿಸಿದ್ದರು. ಸೋಮವಾರ ತೋರಿಸದಿದ್ದರೆ ಆ ಕೆಲಸಕ್ಕೆ ಎಳ್ಳುನೀರು.

ಸಂಜೆ ನೋಡಿದರೆ ಬಾಟಲಿ ಖಾಲಿ.

"ಅಮ್ಮಾ, ಇದರಲ್ಲಿದ್ದ ಪುಡಿ?"

ದೇವರ ಮುಂದೆ ಪುಸ್ತಕ ಬಿಚ್ಚುತ್ತಿದ್ದ ಅತ್ತೆ ನೆಲ ತೋರಿಸಿದರು. "ಮನೇಲಿ ರಂಗೋಲಿ ಮುಗಿದಿತ್ತು ಕಣೋ. ಏನು ಚೆನ್ನಾಗಿ ಎಳೆ ಬಂತು ಅಂತೀಯ! ಗಾಳಿಗೆ ಹಾರೋದೇ ಇಲ್ಲ."

"ಹೇಗಮ್ಮ ಹಾರತ್ತೆ? ಅದು ಲೋಹದ ಅದಿರು, ಭಾರ!" ಎನ್ನುತ್ತ ಅವರು ಬಗ್ಗಿದರು.

"ಮುಟ್ಟಬೇಡ. ಮಂಗಳ ಹಾಡೋಕೆ ಮುಂಚೆ ದೇವರ ರಂಗೋಲಿ ಅಳಿಸ್ತಾರೇನೋ?"

ವಾಚನ ಕೇಳಲು ಬಂದಿದ್ದ ಪಕ್ಕದ ಮನೆಯ ಚೂಡಾಮಣಿ, "ಕೂತ್ಕೊಳಿ ಅನಂತರಾಮು, ಕೋಲಾರದ ಗುಡ್ಡ ಎಲ್ಲಿಗೂ ಓಡಿಹೋಗಲ್ಲ" ಅಂದರು.

ಕೂತರು. ಅತ್ತೆಯ ದನಿ ಏರಿತು. ಹೂವೊಂದು ಜಾರಿ ರಂಗೋಲಿಯ ಮೇಲೆ ಬಿದ್ದಾಗ ನಮ್ಮವರು ಚುಚ್ಚಿಸಿಕೊಂಡವರಂತೆ ನಡುಗಿದರು. ಕುಂಕುಮ ಉದುರಿದಾಗ ಕಣ್ಣು ಮುಚ್ಚಿದರು. ಹಾಗೇ ಮುಚ್ಚಿಕೊಂಡು ಕೂತವರು ಪದ್ಯಗಳು ಸಾಗಿದಂತೆ ತಲೆದೂಗತೊಡಗಿದ್ದನ್ನು ನಾನು ನೋಡಿದೆ.

ಮಂಗಳವಾಯಿತು. ಅವರು ಲೈಟು ಆರಿಸಿ, ಈ ಅದಿರನ್ನು ಗುರುತಿಸಲೆಂದು ಎರವಲು ತಂದಿದ್ದ ನೇರಳಾತೀತ ದೀಪ ಹಿಡಿದರು. "ನಂದಾದೀಪ ಆರಿಸಬಾರದು" ಎಂದು ಅತ್ತೆ ಅದಕ್ಕೆ ಮಣೆ ಅಡ್ಡ ಹಿಡಿದರು. ಕತ್ತಲಲ್ಲಿ ರಂಗೋಲಿ ಪೂರ್ತಿ ತಿಳಿನೀಲಿಯಾಗಿ ಬೆಳಗಿತು. ಅತ್ತೆ ಕೈಮುಗಿದರು.

"ಈ ಬೆಳಕಲ್ಲಿ ಒಂದು ಕಾಳೂ ತಪ್ಪಿಸಿಕೊಳ್ಳಲ್ಲ" ಎಂದು ನಮ್ಮವರು ನವಿಲುಗರಿಯಿಂದ ಹರಿವಾಣಕ್ಕೆ ಬಳಿದುಕೊಂಡರು. ಹೊಸಿಲ ಸಂದಿಯಲ್ಲೂ ನೀಲಿ, ಚೂಡಾಮಣಿಯ ಸೆರಗಿನಲ್ಲೂ ನೀಲಿ. "ಸೀರೆಯನ್ನೇ ಆಫೀಸಿಗೆ ಒಯ್ದೀರಿ ಮತ್ತೆ!" ಎಂದು ಆಕೆ ಕೊಡವಿದರು. ಹರಿವಾಣದಲ್ಲಿ ನೀರು ಹಾಕಿ ತಿರುಗಿಸಿದಾಗ ಅರಿಶಿನ ಕುಂಕುಮ ತೇಲಿಹೋಗಿ, ಭಾರದ ಬಿಳಿ ತಳದಲ್ಲಿ ಕೂತಿತು.

ಸೋಮವಾರ ಮನೆಗೆ ಬಂದವರೇ, "ಒಪ್ಪಿದರು, ಕೆಲಸ ಮುಂದುವರಿಸಿ ಅಂದರು" ಎಂದರು. ಬಾಟಲಿಯನ್ನು ಅಲ್ಲೇ ಇಟ್ಟುಕೊಂಡಿದ್ದರಂತೆ. ಕೇಳಿ ತಂದಿದ್ದ ಒಂದು ಚಿಟಿಕೆಯನ್ನು ಕಾಗದದಿಂದ ಬಿಚ್ಚಿ, ದೇವರ ಮುಂದೆ ತಾವೇ ಒಂದು ಎಳೆ ಎಳೆದರು.

"ಸೊಟ್ಟಗಾಯ್ತಲ್ಲೋ" ಅಂದರು ಅತ್ತೆ. ಆದರೆ ಅಳಿಸಲಿಲ್ಲ.